ನಾಚಿಕೆ ಸ್ವಭಾವದ ನರ

ಜೂನ್ 4, ಮಂಗಳವಾರ

ಇವತ್ತೂ ಕೊಬ್ಬು ಬಿಡಿಸಿದ್ದೇ ಆಯಿತು. ಬೆಳಗ್ಗೆಯಿಂದ ಅನಾಟಮಿ ಹಾಲ್‌ನಲ್ಲಿ ಹೆಣದ ಒಂದೇ ತೋಳು. ಕುತ್ತಿಗೆ ಹಿಡಿದುಕೊಂಡಿದೆ. ಸಿಕ್ಕಿದ್ದು — ಸೊನ್ನೆ.

ಮೊಣಕೈ ಎಲ್ಲಾದರೂ ತಗುಲಿದರೆ ಜುಮ್ಮೆನ್ನುತ್ತದಲ್ಲ, ಆ ನರ. ಅಲ್ನಾರ್. ಮೇಲ್ತೋಳಿನಲ್ಲಿ ಅದು ಕವಲೊಡೆಯುವುದಿಲ್ಲ ಅಂತ ನಾನು ಓದಿದ ಪುಸ್ತಕಗಳೆಲ್ಲ ಹೇಳುತ್ತವೆ. ನಮ್ಮ ಮ್ಯೂಸಿಯಂ ಜಾರಿನಲ್ಲಿರುವ ತೋಳು ಮಾತ್ರ ಒಪ್ಪುವುದಿಲ್ಲ. ಅದರಲ್ಲಿ ಒಂದು ಕವಲಿದೆ, ಎಳೆಯಷ್ಟು ಸಣ್ಣದು. ನಮ್ಮ ಎಚ್ಓಡಿ ವಿದ್ಯಾರ್ಥಿಯಾಗಿದ್ದಾಗ ಕಂಡುಹಿಡಿದದ್ದು. ಚಿನ್ನದ ಪದಕ, ಹೆಸರು, ಎಲ್ಲ ಅದರಿಂದಲೇ. ಹುಡುಗರು ಇಟ್ಟ ಅಡ್ಡಹೆಸರು 'ಕವಲು ಸರ್'.

ನನ್ನ ಗೈಡೂ ಅವರೇ, ನನ್ನ ಕರ್ಮ. ಎಂ.ಡಿ. ಥೀಸಿಸ್‌ಗೆ ಕೊಟ್ಟ ವಿಷಯ: ಅಂಥ ಕವಲು ಎಷ್ಟು ತೋಳುಗಳಲ್ಲಿ ಸಿಗುತ್ತದೆ? ಸೀನಿಯರುಗಳಿಗೂ ಇದೇ ಕೊಟ್ಟಿದ್ದರು. ಯಾರಿಗೂ ಸಿಗಲಿಲ್ಲ. ಎಲ್ಲರೂ ಆರಾರು ತಿಂಗಳು ಹೆಚ್ಚು ಕೊಳೆತು ಹೊರಬಿದ್ದರು.

"ಸಿಗಲಿಲ್ಲ ಅನ್ನೋದೂ ಒಂದು ರಿಸಲ್ಟೇ ಅಲ್ವಾ ಸರ್?" ಅಂದೆ.

"ಅದು ರಿಸಲ್ಟ್ ಅಲ್ಲಮ್ಮ, ಸೋಮಾರಿತನ. ಮತ್ತೆ ನೋಡು. ಇರುತ್ತೆ. ನಾಚಿಕೆ ಸ್ವಭಾವದ್ದು ಅದು."

ಆಗಸ್ಟ್‌ನಲ್ಲಿ ಸರ್ ಸೈನ್ ಹಾಕದಿದ್ದರೆ ನನಗೂ ಆರು ತಿಂಗಳು. ಬೇರೆ ಕಾಲೇಜಿನಲ್ಲಿ ನನಗೆಂದು ಇಟ್ಟಿರುವ ಕೆಲಸ ಅಷ್ಟು ದಿನ ಕಾದು ಕೂತಿರುತ್ತದೆಯೇ?

ಜೂನ್ 9, ಭಾನುವಾರ

ರಜೆ ಅಂತ ಹೆಸರಿಗೆ. ಅತ್ತೆ ಪಕ್ಕದ ಮನೆಯವರನ್ನು ಕರೆದುಕೊಂಡು ಬಂದರು. ಅವರಿಗೆ ಭುಜ ನೋವಂತೆ.

"ನಮ್ಮ ಸೊಸೆ ನೋಡ್ತಾಳೆ. ಕೈ ಅಂದ್ರೆ ಅವಳಿಗೆ ನೀರು ಕುಡಿದಷ್ಟು ಸುಲಭ."

"ನಾನು ನೋಡೋದು ಬೇರೆ ಥರದ ಪೇಷಂಟುಗಳನ್ನ," ಅಂದೆ.

"ಅಂದ್ರೆ ದೊಡ್ಡ ಕೇಸು," ಅತ್ತೆ ಅವರಿಗೆ ವಿವರಿಸಿದರು.

ಭುಜ ಒತ್ತಿದೆ. ಅಯ್ಯೋ ಅಂದರು. ನಾನೇ ಬೆಚ್ಚಿಬಿದ್ದೆ! ಒತ್ತಿದರೆ ಕೂಗುವವರ ಅಭ್ಯಾಸವೇ ತಪ್ಪಿಹೋಗಿದೆ.

ಬೀದಿಗೆಲ್ಲ ಸಾರಿದ್ದಾರೆ ಅತ್ತೆ, ಆಗಸ್ಟ್‌ಗೆ ಸೊಸೆಯ ಓದು ಮುಗಿಯಿತೆಂದು. ಮನೆಯಲ್ಲಿ ಮಾತ್ರ ನನಗೆ ಬೇರೆ ಸೋಪು, ಬೇರೆ ಟವೆಲ್.

ಜುಲೈ 2, ಮಂಗಳವಾರ

ಮತ್ತೆರಡು ತೋಳು. ಮತ್ತೆರಡು ಸೊನ್ನೆ.

ಊಟ ಮಾಡುತ್ತ ಇವರ ತೋಳಿನ ಒಳಮಗ್ಗುಲಲ್ಲಿ ಬೆರಳಾಡಿಸಿದೆ... ಸುಮ್ಮನೆ, ಇಲ್ಲಾದರೂ ಇದೆಯಾ ಅಂತ. ಚರ್ಮದ ಮೇಲಿಂದ ತಿಳಿಯುವುದಿಲ್ಲ, ಗೊತ್ತು. ಇವರು ಪ್ರೀತಿ ಅಂದುಕೊಂಡು ನಕ್ಕರು. ತಿದ್ದಲಿಲ್ಲ.

ಜುಲೈ 19, ಶುಕ್ರವಾರ, ಬೆಳಗ್ಗೆ 11

ಸೋಮವಾರ ಇನ್‌ಸ್ಪೆಕ್ಷನ್. ಜಾರುಗಳ ದ್ರವ ಹಳದಿಯಾಗಿದೆ, ಬದಲಾಯಿಸುವ ಕೆಲಸ ನನ್ನ ತಲೆಗೆ. ಕವಲಿನ ಜಾರನ್ನು ಸರ್ ಯಾರಿಗೂ ಮುಟ್ಟಲು ಬಿಡುವುದಿಲ್ಲ, ತಾವೇ ಮಾಡುತ್ತಾರೆ. ಆದರೆ ಹಲ್ಲು ಕೀಳಿಸಿಕೊಂಡು ರಜೆಯಲ್ಲಿದ್ದಾರೆ. ನಾನೇ ತೆರೆದೆ. ಫೋರ್ಸೆಪ್ಸ್‌ನಿಂದ ತೋಳನ್ನು ಒಂದಿಷ್ಟು ಎತ್ತಿದೆ, ಅಷ್ಟೇ.

ಕವಲು ಕೈಗೇ ಬಂತು.

ಸರ್ ಜೀವಮಾನವನ್ನೇ ಕಿತ್ತುಬಿಟ್ಟೆನಲ್ಲ! ಸ್ಟೂಲ್ ಮೇಲೆ ಕೂತು ಬೆಳಕಿಗೆ ಹಿಡಿದೆ. ತುದಿಯಲ್ಲಿ ಗಂಟು. ನರಗಳು ಗಂಟು ಹಾಕಿಕೊಳ್ಳುವುದಿಲ್ಲ.

ನೂಲು. ಯಾವುದು ಯಾವುದೆಂದು ಗುರುತಿಗೆ ನಾವು ನರಕ್ಕೆ ಕಟ್ಟುತ್ತೇವಲ್ಲ, ಅದೇ ಹತ್ತಿ ನೂಲು. ಜಾರಿನ ಫಾರ್ಮಲಿನ್ ಕುಡಿದು ಕಂದಿದೆ.

ಸಂಜೆ 5

ವಾಪಸ್ ಕಟ್ಟಿದೆ. ಇನ್ನೇನು ಮಾಡಲಿ? ಹಳೇ ಗಂಟು ಅಂಗಡಿಯವನು ಪೊಟ್ಟಣ ಕಟ್ಟಿದ ಹಾಗಿತ್ತು. ನನ್ನದು ಅಚ್ಚುಕಟ್ಟಾಗಿದೆ.

ಜುಲೈ 20, ಶನಿವಾರ

ಸಿಟ್ಟು. ಬರೀ ಸಿಟ್ಟು. ಒಂದು ಗೇಣು ದಾರಕ್ಕಾಗಿ ನನ್ನ ಕುತ್ತಿಗೆ, ನನ್ನ ಕಣ್ಣು, ನನ್ನ ಮೂರು ವರ್ಷ! ಹೇಳಿದರೆ ಸರ್ ಮಾನ ಹೋಗುತ್ತದೆ, ನನ್ನ ಸೈನೂ ಹೋಗುತ್ತದೆ. ಹೇಳದಿದ್ದರೆ ಇಲ್ಲದ್ದನ್ನು ಹುಡುಕುತ್ತಲೇ ಇರಬೇಕು.

"ಯಾಕಮ್ಮ, ತಟ್ಟೆ ಮುಂದೆ ಕೂತು ಯಾರನ್ನ ಬೈತಿದ್ದೀಯ?" ಅತ್ತೆ ಕೇಳಿದರು. ತುಟಿ ಅಲ್ಲಾಡುತ್ತಿತ್ತಂತೆ.

ಜುಲೈ 24, ಬುಧವಾರ

ಇನ್‌ಸ್ಪೆಕ್ಷನ್ ಮುಗಿದಿದೆ. ಬಂದವರು ಜಾರಿನ ಮುಂದೆ ತಲೆದೂಗಿ ಹೋದರಂತೆ.

ಸರ್ ಇವತ್ತು ಬಂದರು, ಕೆನ್ನೆ ಇನ್ನೂ ಊದಿದೆ. ಜಾರಿನ ಮುಂದೆ ನಿಂತರು. ನಿಂತೇ ಇದ್ದರು. ಆಮೇಲೆ ನನ್ನನ್ನು ಕರೆದರು.

"ಈ ಗಂಟು ನನ್ನದಲ್ಲ."

ನನ್ನ ಬಾಯಿಂದ ಬಂದದ್ದು, "ಹಳೇದು ಸಡಿಲ ಆಗಿತ್ತು ಸರ್."

ಮೊದಲು ನಕ್ಕರು. ಹಲ್ಲು ನೋವಿಗೆ ಕೆನ್ನೆ ಹಿಡಿದುಕೊಂಡರು. ಆಮೇಲೆ ಹೇಳಿದರು.

"ಪರೀಕ್ಷೆ ದಿನ ಗುರುತಿಗೆ ಕಟ್ಟಿದ್ದೆ ಕಣಮ್ಮ, ಬಿಚ್ಚೋದು ಮರೆತೆ. ಹೊರಗಿನಿಂದ ಬಂದ ಎಕ್ಸಾಮಿನರ್‌ಗೆ ಸೋಡಾಗ್ಲಾಸು ಕನ್ನಡಕ. ಬಗ್ಗಿ ನೋಡಿ, 'ಕವಲು!' ಅಂತ ಕೂಗಿದ್ರು. ನಾನು ಬಾಯಿ ತೆರೆಯೋಷ್ಟರಲ್ಲಿ ಎಲ್ಲರನ್ನೂ ಕರೆದಾಗಿತ್ತು. ಆಮೇಲೆ ಪದಕ. ಆಮೇಲೆ ಬಾಯಿ ಬರಲೇ ಇಲ್ಲ."

"ಮತ್ತೆ ನಮಗ್ಯಾಕೆ ಸರ್ ಈ ವಿಷಯ ಕೊಡ್ತಿದ್ರಿ?"

"ಒಂದೇ ಒಂದು ನಿಜವಾದ್ದು ಸಿಕ್ಕಿದ್ರೆ, ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಅಂತ ಆಗ್ತಿತ್ತಲ್ಲ."

ಕೂಗಾಡಬೇಕು ಅಂತಲೇ ಹೋಗಿದ್ದೆ. ಆಗಲಿಲ್ಲ. ಅಯ್ಯೋ ಪಾಪ ಅನ್ನಿಸಿಬಿಟ್ಟಿತು.

"ನಿನಗೆ ಉಳಿದಿರೋದು ಒಂದೇ ತೋಳು. ಬಿಡಿಸು. ಅದರಲ್ಲೂ ಇಲ್ಲದಿದ್ದರೆ, ಜಾರಿನಲ್ಲಿರೋದು ನೂಲು ಅಂತ ಥೀಸಿಸ್‌ನಲ್ಲೇ ಬರೀ. ಸೈನ್ ಹಾಕ್ತೀನಿ. ಹೇಗೂ ಡಿಸೆಂಬರ್‌ಗೆ ರಿಟೈರ್ ಆಗ್ತೀನಿ."

ನನ್ನ ಕೆಲಸವೇನೋ ಉಳಿಯಿತು. ಅವರ ಹೆಸರು?

ಆಗಸ್ಟ್ 8, ಗುರುವಾರ

ಇವತ್ತೇ ಬರೆದಿಡಬೇಕು.

ಕೊನೆಯ ತೋಳು. ಎಡಗಡೆಯದು. ಇಷ್ಟು ದಿನ ಮುಟ್ಟಲು ಮನಸ್ಸೇ ಬರಲಿಲ್ಲ. ಹತ್ತು ಗಂಟೆಗೆ ಕೊಬ್ಬು ಸರಿಸಿದೆ. ಬಿಳಿ ಎಳೆ. ನರದಿಂದ ಹೊರಟು ನೇರ ಸ್ನಾಯುವಿನೊಳಗೆ. ಮೆಲ್ಲಗೆ ಎತ್ತಿ ನೋಡಿದೆ. ಗಂಟಿಲ್ಲ. ಬುಡದಲ್ಲಿ ನರವೇ ಸೀಳಿ ಎಳೆಯಾಗಿದೆ. ಇದೆ! ಫೋಟೋ ಗೀಟೋ ಯಾವುದೂ ತಲೆಗೆ ಹೊಳೆಯಲಿಲ್ಲ, ಗ್ಲೌಸ್ ಕಿತ್ತೆಸೆದು ಓಡಿದೆ.

ಸರ್ ಬಂದರು. ಕನ್ನಡಕ ಒರೆಸಿದರು. ಬಗ್ಗಿ ನೋಡಿದರು, ಬಹಳ ಹೊತ್ತು. ನೆಟ್ಟಗಾದಾಗ ಕಣ್ಣು ತುಂಬಿತ್ತು.

"ಎಷ್ಟು ಚೆನ್ನಾಗಿ ಕಟ್ಟಿದ್ದೀಯಮ್ಮ. ಗಂಟೇ ಕಾಣಲ್ಲ."

"ಕಟ್ಟಿಲ್ಲ ಸರ್! ನಿಜವಾದ್ದು!"

"ನನಗೋಸ್ಕರ ಇಷ್ಟು ಯಾರೂ ಮಾಡಿರಲಿಲ್ಲ. ಆದ್ರೆ ಬೇಡಮ್ಮ. ಬಿಚ್ಚಿಬಿಡು."

"ನೀವೇ ಹಿಡಿದು ನೋಡಿ ಸರ್," ಅಂತ ಫೋರ್ಸೆಪ್ಸ್ ಕೊಟ್ಟೆ. ನನ್ನ ಬುದ್ಧಿಗಿಷ್ಟು!

ಎಳೆದರು. ಬರಲಿಲ್ಲ. ಹುಬ್ಬು ಗಂಟಾಯಿತು. ಇನ್ನೊಮ್ಮೆ ಎಳೆದರು. ಬರಲಿಲ್ಲ. "ಸರ್, ಮೆಲ್ಲಗೆ—" ಅಂದೆ. ಮತ್ತೆ ಎಳೆದರು.

ಬಂತು.

ಬೆಳಕಿಗೆ ಹಿಡಿದು ಆ ತುದಿ ನೋಡಿದರು, ಈ ತುದಿ ನೋಡಿದರು. ಉಗುರಿನಿಂದ ಸೀಳಿ ನೋಡಿದರು.

"ನಿಜವಾದ್ದು," ಅಂದರು. ಮಗುವಿನ ಹಾಗೆ ನಕ್ಕರು. "ನಿಜವಾದ್ದೇ ಕಣಮ್ಮ! ಇತ್ತು!"

ನಾನೂ ನಕ್ಕೆ, ಜೊತೆಗೇ ಅಳುವೂ ಬಂತು. ಆಮೇಲೆ ಇಬ್ಬರೂ ಬರಿದಾದ ತೋಳು ನೋಡಿದೆವು. ಫೋಟೋ ಇಲ್ಲ. ನಾವಿಬ್ಬರಲ್ಲದೆ ಇನ್ಯಾರೂ ನೋಡಿಲ್ಲ. ಕಾರಿಡಾರಿನಲ್ಲಿ ಹುಡುಗರ ಗಲಾಟೆ ಹತ್ತಿರವಾಗುತ್ತಿತ್ತು, ಹನ್ನೊಂದರ ಕ್ಲಾಸು.

ಸರ್ ಬಾಗಿಲ ಕಡೆ ನೋಡಿದರು. ನನ್ನ ಕಡೆ ನೋಡಿದರು. ದನಿ ತಗ್ಗಿಸಿ ಕೇಳಿದರು.

"ನೂಲಿದೆಯೇನಮ್ಮ?"

ಇತ್ತು. ಏಪ್ರನ್ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಕೈ ಹಾಕಿ ತೆಗೆದೆ, ಕಿತ್ತುಬಂದ ಕವಲನ್ನು ನಾನೇ ವಾಪಸ್ ಕಟ್ಟಿದೆ.