ಪೂರ್ವದ ಬಾಗಿಲು ತೆರೆದಿದೆ

ಸ್ಮಾರಕಗಳನ್ನು ಕಾಯುವ ಮಾನ್ಯ ಅಧಿಕಾರಿಗಳೇ,

ದೊಡ್ಡ ಕಮಾನಿನ ಮೈದಾನದಲ್ಲಿ ನೀವು ಹೊಸದಾಗಿ ನಿಲ್ಲಿಸಿರುವ ಕಲ್ಲಿನ ಫಲಕದಲ್ಲಿ ಒಂದು ಸುಳ್ಳಿದೆ. ‘ಇಲ್ಲಿ ನಡೆದ ಐತಿಹಾಸಿಕ ಸಭೆಗಳು’ ಎಂಬ ಪಟ್ಟಿಯ ಒಂಬತ್ತನೆಯ ಸಾಲು: ‘ಕಾರ್ಮಿಕರ ಮಹಾಸಭೆ. ವದಂತಿಯಿಂದ ನೂಕುನುಗ್ಗಲು ಉಂಟಾಗಿ ಹದಿನೇಳು ಮಂದಿ ಸಾವು.’ ಅಕ್ಷರಗಳಿಗೆ ಚಿನ್ನದ ಬಣ್ಣ ಬಳಿಸಿದ್ದೀರಿ. ಸುಳ್ಳಿಗೆ ಅಷ್ಟು ಅಲಂಕಾರ ಬೇಕಿತ್ತೇ?

ನಾನು ಮೈಕ್‌ಸೆಟ್‌ನವನು. ಇಪ್ಪತ್ತೆಂಟು ವರ್ಷ ಆ ಮೈದಾನದ ಸಭೆಗಳಿಗೆಲ್ಲ ಧ್ವನಿವರ್ಧಕ ಕಟ್ಟಿದವನು. ನಿಮ್ಮ ಪಟ್ಟಿಯ ಮಹನೀಯರಲ್ಲಿ ಯಾರು ಮೈಕನ್ನು ನುಂಗುವಂತೆ ಹಿಡಿಯುತ್ತಿದ್ದರು, ಯಾರಿಗೆ ಭಾಷಣ ಮುಗಿಸಲು ಬರುತ್ತಿರಲಿಲ್ಲ ಎಂಬುದು ನಿಮ್ಮ ಇತಿಹಾಸಕಾರರಿಗಿಂತ ನನಗೆ ಚೆನ್ನಾಗಿ ಗೊತ್ತು. ಭಾಷಣಗಳ ನಡುವೆ ಪ್ರಕಟಣೆ ಓದುವುದೂ ನನ್ನದೇ ಕೆಲಸ. ಕೆಳಗಿನಿಂದ ಚೀಟಿ ಬರುತ್ತದೆ: ಯಾರದೋ ಕನ್ನಡಕ ಸಿಕ್ಕಿದೆ, ಯಾರದೋ ಅಜ್ಜಿ ತಪ್ಪಿಸಿಕೊಂಡಿದ್ದಾರೆ. ಓದುತ್ತೇನೆ, ಓದಿದ್ದನ್ನು ಪಕ್ಕದ ತಂತಿಗೆ ಚುಚ್ಚುತ್ತೇನೆ. ಇಲ್ಲದಿದ್ದರೆ ಸಿಕ್ಕಿದ ಅಜ್ಜಿಯನ್ನೇ ಮತ್ತೆ ಹುಡುಕಿಸಬೇಕಾಗುತ್ತದೆ.

ಆ ಮಹಾಸಭೆಯ ಮಧ್ಯಾಹ್ನ ಕಮಾನಿನ ಕೆಳಗೆ ಜನ ಒತ್ತಿಕೊಂಡಾಗ ನಿಮ್ಮ ಕಚೇರಿಯಿಂದ ಚೀಟಿ ಬಂತು, ಮೊಹರಿನ ಸಮೇತ: ‘ಪೂರ್ವದ ಬಾಗಿಲು ತೆರೆದಿದೆ. ಎಲ್ಲರೂ ಆ ಕಡೆಯಿಂದ ಹೊರಡಬೇಕು.’ ಮೂರು ಸಲ ಓದಿದೆ. ಪೂರ್ವದ ಬಾಗಿಲಿಗೆ ಬೀಗ ಹಾಕಿತ್ತು. ಬೀಗದ ಕೈ ನಿಮ್ಮ ಕಚೇರಿಯ ಗೋಡೆಯ ಮೊಳೆಯಲ್ಲಿ ನೆಮ್ಮದಿಯಾಗಿ ನೇತಾಡುತ್ತಿತ್ತು.

ನನ್ನ ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಬೆಳಿಗ್ಗೆ ವೇದಿಕೆಯ ಹತ್ತಿರ ಬಂದು, “ಏನೋ, ಗಂಟಲು ಆಗ್ಲೇ ಕಟ್ಟಿದೆಯಲ್ಲೋ! ನೀರು ಕುಡೀತಿದೀಯಾ ಇಲ್ವಾ?” ಎಂದು ತನ್ನ ಬಾಟಲಿ ಕೊಟ್ಟು ಹೋಗಿದ್ದಳು. ಅವಳ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ಬದುಕುಳಿದಳು. ಆರು ತಿಂಗಳು ನನ್ನ ಮುಖ ನೋಡಲಿಲ್ಲ. ಕೊನೆಗೊಂದು ದಿನ ಬಂದು ಹೇಳಿದಳು. ಮುಂದಿದ್ದವರು ಬೀಗ, ಬೀಗ ಎಂದು ಕೂಗುತ್ತಿದ್ದರಂತೆ. ಇವಳು ಹಿಂದಕ್ಕೆ ಎಳೆದರೆ ಅಕ್ಕ ಕೈ ಕೊಡವಿಕೊಂಡಳಂತೆ. “ಮೈಕಲ್ಲಿ ಹೇಳ್ತಿರೋದು ನನ್ನ ತಮ್ಮ ಕಣೇ. ಅವ್ನು ಸುಳ್ಳು ಹೇಳಲ್ಲ, ನಡಿ.”

ಮಾನ್ಯರೇ, ವೇದಿಕೆಯ ಮೇಲಿಂದ ಪೂರ್ವದ ಬಾಗಿಲು ಕಾಣುತ್ತದೆ. ಕತ್ತು ತಿರುಗಿಸಿದರೆ ಸಾಕಿತ್ತು. ನಾನು ತಿರುಗಿಸಲಿಲ್ಲ. ಮೊಹರು ನೋಡಿದ ಮೇಲೆ ಬಾಗಿಲನ್ನೇಕೆ ನೋಡಬೇಕು ಎಂದುಕೊಳ್ಳುವಷ್ಟು ವಿಧೇಯನಾಗಿದ್ದೆ. ನನ್ನ ತಪ್ಪನ್ನು ನಾನು ಹೊರುತ್ತಿದ್ದೇನೆ. ನಿಮ್ಮ ಕಚೇರಿ ಏನನ್ನು ಹೊರುತ್ತಿದೆ?

ಮರುದಿನ ನಿಮ್ಮ ಕಚೇರಿಯವರು ವಿಚಾರಣೆಗೆಂದು ತಂತಿಯನ್ನು ಚೀಟಿಗಳ ಸಮೇತ ಕೊಂಡೊಯ್ದರು. ಕನ್ನಡಕ ವಾಪಸು ಬಂತು, ಅಜ್ಜಿ ವಾಪಸು ಬಂದರು, ಆ ಒಂದು ಚೀಟಿ ಬರಲಿಲ್ಲ. ಕೇಳಿದರೆ, “ಅಂಥದ್ದೇನೂ ಇರ್ಲೇ ಇಲ್ಲ ಕಣಪ್ಪಾ, ನಿಂಗೆ ದುಃಖ, ಏನೇನೋ ಅನ್ಸತ್ತೆ” ಎಂದು ಬೆನ್ನು ತಟ್ಟಿದರು. ಆಗ ಆ ಕುರ್ಚಿಯಲ್ಲಿ ನೀವಿರಲಿಲ್ಲ, ಒಪ್ಪುತ್ತೇನೆ. ಆದರೆ ಕಲ್ಲು ಕೆತ್ತಿಸಿದವರು ನೀವೇ.

ಈಗ ಅದೇ ಕಚೇರಿಯಿಂದ ನನಗೆ ಆಹ್ವಾನ ಬಂದಿದೆ. ಮೈದಾನದಲ್ಲಿ ಧ್ವನಿ-ಬೆಳಕಿನ ಪ್ರದರ್ಶನವಂತೆ; ‘ಅಂದಿನ ಸಭೆಗಳ ವಾತಾವರಣ ಮೂಡಿಸಲು’ ನನ್ನ ಧ್ವನಿ ಬೇಕಂತೆ. ನಿಮ್ಮ ಧೈರ್ಯಕ್ಕೆ ದೊಡ್ಡ ನಮಸ್ಕಾರ.

ಆಗಲಿ, ಬರುತ್ತೇನೆ. ಮೊದಲು ಒಂಬತ್ತನೆಯ ಸಾಲಿನ ‘ವದಂತಿಯಿಂದ’ ಎಂಬ ಆ ಒಂದು ಪದವನ್ನು ಉಳಿಯಿಂದ ಕೆತ್ತಿ ತೆಗೆಸಿ, ‘ಈ ಕಚೇರಿಯ ಪ್ರಕಟಣೆಯಿಂದ’ ಎಂದು ಬರೆಸಿ. ಅದನ್ನು ಓದಿದವನು ಯಾರೆಂಬುದನ್ನೂ ಪಕ್ಕದಲ್ಲೇ ಬರೆಸಿ, ನನ್ನ ಅಭ್ಯಂತರವಿಲ್ಲ. ಆಮೇಲೆ ಮೈಕ್ ಕೊಡಿ. ಹದಿನೇಳು ಹೆಸರುಗಳನ್ನು ಮೂರು ಮೂರು ಸಲ ಓದುತ್ತೇನೆ. ಓದುವ ಮೊದಲು ಈ ಸಲ ಕತ್ತು ತಿರುಗಿಸಿ ಬಾಗಿಲು ನೋಡುತ್ತೇನೆ.

ಇಂತಿ,
ನಿಮ್ಮ ಫಲಕದಲ್ಲಿರುವ ವದಂತಿ