ಇಪ್ಪತ್ತೈದು ಸಲ ಬರೆಸಿದ ವಾಕ್ಯ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಮೂರನೇ ತರಗತಿಯ ಮಕ್ಕಳ ಬಾಯಲ್ಲಿ ಇಂಗ್ಲಿಷಿನ ತಪ್ಪುಗಳು ಪೂರ್ತಿ ನಿಂತಿವೆ ಎಂದು ಮೆಚ್ಚಿ ನಿಮ್ಮ ಕಚೇರಿ ಕಳಿಸಿದ ಪ್ರಶಂಸಾಪತ್ರವನ್ನು ಇದರ ಜೊತೆ ಹಿಂದಿರುಗಿಸುತ್ತಿದ್ದೇನೆ. ಈ ವಿಷಯವಾಗಿ ನಿಮಗೆ ಎರಡು ಸಲ ಬರೆದೆ. ಎರಡು ಸಲವೂ 'ಕಡತದಲ್ಲಿ ಇರಿಸಲಾಗಿದೆ' ಎಂಬ ಉತ್ತರ ಬಂತು. ಕಡತಕ್ಕೆ ಓದಲು ಬರುವುದಿಲ್ಲವಾದ್ದರಿಂದ ಈ ಸಲ ನಾಲ್ಕು ಜನ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಶಾಲೆ ಶುರುವಾದ ವಾರವೇ ನಿಮ್ಮ ಸುತ್ತೋಲೆ ಬಂದಿತ್ತು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಮಕ್ಕಳು ಇಂಗ್ಲಿಷೇ ಆಡಬೇಕು. ಒಂದೇ ವಾಕ್ಯದಲ್ಲಿ 'ನಾಟ್', 'ನಥಿಂಗ್'ನಂಥ ಎರಡು 'ಇಲ್ಲ'ಗಳನ್ನು ಒಟ್ಟಿಗೆ ಬಳಸಿದ ಮಗುವಿನ ಹೆಸರಿನ ಮುಂದೆ, ಗೋಡೆಯ ಪಟ್ಟಿಯಲ್ಲಿ ಕೆಂಪು ಚುಕ್ಕಿ ಬೀಳಬೇಕು. ಮೂರು ಚುಕ್ಕಿಯಾದರೆ ಆಟ ರದ್ದು, ಸರಿಯಾದ ವಾಕ್ಯವನ್ನು ಇಪ್ಪತ್ತೈದು ಸಲ ಬರೆಯಬೇಕು. ತಿಂಗಳ ಕೊನೆಗೆ ಒಟ್ಟು ಚುಕ್ಕಿಗಳನ್ನು ನಿಮ್ಮ ನಮೂನೆಯಲ್ಲಿ ತುಂಬಿ ಕಳಿಸಬೇಕು. ಮಗು ಹೇಳಲು ಹೊರಟಿದ್ದು ಏನು ಎಂದು ಕೇಳುವ ಕಾಲಂ ಆ ನಮೂನೆಯಲ್ಲಿಲ್ಲ. ಜಾಗ ಸಾಲದೆ ಹೋಗಿರಬೇಕು.

ನಿಯಮದ ಬಗ್ಗೆ ನನಗೆ ತಕರಾರಿಲ್ಲ. 'ಐ ಡೋಂಟ್ ಹ್ಯಾವ್ ನಥಿಂಗ್' ಅನ್ನಬಾರದು, 'ಎನಿಥಿಂಗ್' ಅನ್ನಬೇಕು ಎಂದು ಹತ್ತೊಂಬತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಆದರೆ ಮನೆಯಲ್ಲಿ 'ಏನೂ ಇಲ್ಲ', 'ಯಾರೂ ಬರಲಿಲ್ಲ' ಎಂದು ಕೇಳಿ ಬೆಳೆದ ಮಗು 'ಏನೂ'ಗೆ ನಥಿಂಗ್ ಎಂದು ಕಲಿತ ಮೇಲೆ, ಪಕ್ಕದಲ್ಲಿದ್ದ 'ಇಲ್ಲ'ವನ್ನು ಬಿಟ್ಟುಬರುವುದು ಹೇಗೆ? ಅದು ತಲೆ ಓಡಿಸಿಯೇ ಮಾಡುವ ತಪ್ಪು. ಹಿಂದೆಲ್ಲ ಯಾರಾದರೂ ಪೆನ್ಸಿಲ್ ಇಲ್ಲವೆಂದು ತಪ್ಪಾಗಿ ಹೇಳಿದರೆ ಮೊದಲು ಪೆನ್ಸಿಲ್ ಕೊಡುತ್ತಿದ್ದೆ, ಕೊಡುತ್ತಲೇ ಆ ಮಾತನ್ನು ಸರಿಯಾಗಿ ತಿರುಗಿ ಹೇಳುತ್ತಿದ್ದೆ. ವರ್ಷ ಮುಗಿಯುವುದರೊಳಗೆ ಮುಕ್ಕಾಲು ಪಾಲು ಮಕ್ಕಳ ನಾಲಿಗೆ ತಾನಾಗಿ ತಿದ್ದಿಕೊಳ್ಳುತ್ತಿತ್ತು. ನಿಮಗೆ ಅಷ್ಟು ತಾಳ್ಮೆ ಇರಲಿಲ್ಲ. ನಿಮ್ಮ ಮಾತು ಕೇಳಿ ನಾನೂ ನನ್ನ ತಾಳ್ಮೆಯನ್ನು ಕೈಬಿಟ್ಟೆ.

ನಾಲ್ಕನೇ ಸಾಲಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ಚಿಕ್ಕ ದೇಹ, ಬಾಯಿ ಮಾತ್ರ ಸುಮ್ಮನಿರದು. ಮಕ್ಕಳೆಲ್ಲ ಗುಬ್ಬಿ ಎನ್ನುತ್ತಿದ್ದರು. ಅವಳ ತಾಯಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸ ಮಾಡುತ್ತಾರೆ. ಒಂದು ದಿನ ಗುಬ್ಬಿ ಎದ್ದು ನಿಂತು, 'ಮಿಸ್, ಐ ಕಾಂಟ್ ಸೀ ನಥಿಂಗ್' ಎಂದಳು. ನಾನು ಗೋಡೆಯ ಹತ್ತಿರ ಹೋಗಿ ಚುಕ್ಕಿ ಇಟ್ಟೆ. ಮಾರನೇ ದಿನವೂ ಅದೇ ಮಾತು, ಅದೇ ಚುಕ್ಕಿ. ಮೂರನೇ ದಿನ ಉಳಿದವರು ಆಟಕ್ಕೆ ಓಡಿದಾಗ ಅವಳು ಒಬ್ಬಳೇ ಕೂತು, 'ಐ ಕಾಂಟ್ ಸೀ ಎನಿಥಿಂಗ್' ಎಂದು ಇಪ್ಪತ್ತೈದು ಸಲ ಬರೆದಳು. ಮೂಗು ಪುಸ್ತಕಕ್ಕೆ ತಾಗುವಷ್ಟು ಬಗ್ಗಿ ಬರೆಯುತ್ತಿದ್ದಳು. ಎಷ್ಟು ಶ್ರದ್ಧೆ ಎಂದುಕೊಂಡೆ. ಇಪ್ಪತ್ತೈದು ಸಾಲನ್ನೂ ಓದಿ ಕೆಳಗೆ 'ವೆರಿ ಗುಡ್' ಬರೆದೆ.

ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಐದು ತಿಂಗಳ ನಂತರ ಶಾಲೆಯ ಮೆಟ್ಟಿಲು ಕಾಣದೆ ಬಿದ್ದು ಹಲ್ಲು ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ನೋಡಿ, ಎರಡೂ ಕಣ್ಣಿಗೆ ದೂರದ್ದು ಮಸುಕು, ಬಲಗಣ್ಣಿಗೆ ಕನ್ನಡಕ ಸಾಕು, ಎಡಗಣ್ಣು ನೋಡುವ ಅಭ್ಯಾಸವನ್ನೇ ಬಿಡುತ್ತಿದೆ ಎಂದರು. ಈ ವಯಸ್ಸಿನಲ್ಲಿ ಒಂದೊಂದು ತಿಂಗಳೂ ಮುಖ್ಯವಂತೆ. ಇಷ್ಟು ದಿನ ಮಗು ಏನೂ ಹೇಳಲಿಲ್ಲವೇ ಎಂದು ಕೇಳಿದರು. ಹೇಳಿದ್ದಳು, ನಾನು ಚುಕ್ಕಿ ಇಟ್ಟೆ ಎಂದು ಒಪ್ಪಿಕೊಂಡೆ. ಪಕ್ಕದಲ್ಲಿದ್ದ ತಾಯಿ ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು.

"ಮನೇಲೂ ಆ ಇಂಗ್ಲಿಷ್ ಮಾತೇ ಹೇಳ್ತಿದ್ಲು ಮಿಸ್," ಎಂದರು ಆಕೆ. "ಪುಸ್ತಕ ತೆಗೆದು ನೋಡ್ದೆ. ಅದೇ ಮಾತನ್ನ ನೀವು ಬರೆಸಿ, ಗುಡ್ ಅಂತ ಹಾಕಿದ್ರಿ. ಪಾಠ ಒಪ್ಪಿಸ್ತಿದ್ದಾಳೆ ಅಂದ್ಕೊಂಡು ಸುಮ್ಮನಾದೆ."

ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟಲು ಇದನ್ನು ಬರೆಯುತ್ತಿಲ್ಲ. ಚುಕ್ಕಿ ಇಟ್ಟಿದ್ದು ನನ್ನ ಕೈ. ಹತ್ತೊಂಬತ್ತು ವರ್ಷದ ಅನುಭವವನ್ನು ಒಂದು ಸುತ್ತೋಲೆಗೆ ಒಪ್ಪಿಸಿದ್ದಕ್ಕೆ ನನಗೆ ನಾಚಿಕೆಯಾಗುತ್ತಿದೆ. ಆದರೆ ನಾನು ನಡೆದದ್ದನ್ನೆಲ್ಲ ವಿವರಿಸಿ ಬರೆದ ಮೇಲೂ ನಿಮ್ಮ ಕಚೇರಿಯಿಂದ ಬಂದದ್ದು ಶ್ಲಾಘನೆ! ಮೊದಲ ತಿಂಗಳು ನಲವತ್ತೊಂದು ಚುಕ್ಕಿ, ಈಗ ಸೊನ್ನೆ. ಮಕ್ಕಳು ಬಾಯಿ ತೆರೆಯುವುದನ್ನೇ ಬಿಟ್ಟರೆ ಚುಕ್ಕಿ ಎಲ್ಲಿಂದ ಬರಬೇಕು? ನಿಮ್ಮ ಕಚೇರಿಯಲ್ಲಿ ಯಾರಿಗೂ ಈ ಅನುಮಾನ ಬರಲಿಲ್ಲವೇ?

ಈಗ ಗುಬ್ಬಿ ಮೊದಲ ಸಾಲಿನಲ್ಲಿದ್ದಾಳೆ. ಎಡಗಣ್ಣು ದುಡಿಯಲಿ ಎಂದು ದಿನಕ್ಕೆ ಕೆಲವು ಗಂಟೆ ಬಲಗಣ್ಣಿಗೆ ಪಟ್ಟಿ ಹಾಕುತ್ತಾರೆ. ಆಗ ಎಷ್ಟು ಕಾಣುತ್ತದೆ ಎಂದು ಅವಳನ್ನೇ ಕೇಳಿ ಬರೆದಿಡಿ, ಅದನ್ನು ನೋಡಿಕೊಂಡು ಮುಂದಿನ ಚಿಕಿತ್ಸೆ ಎಂದಿದ್ದಾರೆ ಡಾಕ್ಟರು. ದಿನಾ ಕೇಳುತ್ತೇನೆ, ದಿನಾ ಕಾಣುತ್ತದೆ ಎನ್ನುತ್ತಾಳೆ. ಮೊನ್ನೆ ಅನುಮಾನ ಬಂದು, ಬೋರ್ಡನ್ನು ಚೆನ್ನಾಗಿ ಒರೆಸಿ, ಮನೆಮಾತಿನಲ್ಲೇ ಕೇಳಿದೆ.

"ಬೋರ್ಡ್ ಮೇಲೆ ಬರೆದಿರೋದು ಕಾಣಿಸ್ತಿದೆಯಾ ಪುಟ್ಟಾ?"

"ಎಸ್ ಮಿಸ್," ಎಂದಳು.

ಬೋರ್ಡಿನ ಮೇಲೆ ಒಂದಕ್ಷರವೂ ಇರಲಿಲ್ಲ.

ನಿಮ್ಮ ಸುತ್ತೋಲೆಯನ್ನು ಎಲ್ಲ ಶಾಲೆಗಳಿಂದಲೂ ಈ ವಾರವೇ ಹಿಂತೆಗೆದುಕೊಳ್ಳಿ. ನಮ್ಮ ಗೋಡೆಯ ಪಟ್ಟಿಯನ್ನು ನಿಮ್ಮ ಅಪ್ಪಣೆಗೆ ಕಾಯದೆ ನಾನೇ ಕಿತ್ತಿದ್ದೇನೆ. ಅದಕ್ಕಾಗಿ ನೋಟಿಸ್ ಕೊಡುವುದಿದ್ದರೆ ಕೊಡಿ, ಉತ್ತರಿಸುತ್ತೇನೆ. ಆದರೆ ಬೇರೆ ಶಾಲೆಗಳ ನಾಲ್ಕನೇ ಸಾಲಿನಲ್ಲಿ ಯಾರು ಕೂತಿದ್ದಾರೆ, ಏನು ಹೇಳುತ್ತಿದ್ದಾರೆ ಎಂದು ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಾನಂತೂ ಆ ಮಗು ಇನ್ನೊಂದು ಸಲ ಎದ್ದು ನಿಂತು, ಎಷ್ಟೇ ತಪ್ಪು ಇಂಗ್ಲಿಷಿನಲ್ಲಾಗಲಿ, ಕಾಣುತ್ತಿಲ್ಲ ಎಂದು ಹೇಳಲಿ ಎಂದು ದಿನವೂ ಕಾಯುತ್ತಿದ್ದೇನೆ.

ಇಂತಿ,
ವ್ಯಾಕರಣ ಕೇಳಿಸಿಕೊಂಡು ಮಗುವನ್ನು ಕೇಳಿಸಿಕೊಳ್ಳದೆ ಹೋದ,
ಮೂರನೇ ತರಗತಿಯ ಇಂಗ್ಲಿಷ್ ಮಿಸ್