ಬೀಜ ತೆಗೆದ ಉಪ್ಪಿನಕಾಯಿ

ಮಂಗಳವಾರ, 12 ನವೆಂಬರ್ 1991

ಪ್ರೀತಿಯ ಅತ್ತಿಗೆಗೆ,

ನಿಮ್ಮ ನಾದಿನಿಯ ನಮಸ್ಕಾರಗಳು. ಅಣ್ಣನಿಗೂ ಹೇಳಿ. ಪುಟ್ಟಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು. ನಾನಿಲ್ಲಿ ಚೆನ್ನಾಗಿದ್ದೇನೆ ಎಂದು ಬರೆಯದಿದ್ದರೆ ಕಾಗದ ಶುರುವಾಗುವುದಿಲ್ಲ, ಆದ್ದರಿಂದ ಚೆನ್ನಾಗಿದ್ದೇನೆ.

ತಡವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಉಪ್ಪಿನಕಾಯಿ ಡಬ್ಬಿ ಬಂದು ವಾರಗಳೇ ಕಳೆದವು. ಬರೆಯಲು ಕುಳಿತಾಗಲೆಲ್ಲ ಪೆನ್ನಿನ ತುದಿ ಕಚ್ಚಿದ್ದೇ ಬಂತು. ಇಷ್ಟು ವರ್ಷ ನನ್ನ ಕಾಗದವೆಲ್ಲ ಅಮ್ಮನ ಹೆಸರಿಗೇ ಬರುತ್ತಿತ್ತು, ಇದೊಂದು ನಿಮ್ಮ ಹೆಸರಿಗೆ. ಲಕೋಟೆ ನೋಡಿದಾಗಲೇ ನಿಮ್ಮ ಎದೆ ಧಸಕ್ಕೆಂದಿರಬೇಕು. ಒಂದು ಲೋಟ ನೀರು ಕುಡಿದು, ಒಲೆ ಆರಿಸಿ, ಆಮೇಲೆ ಓದಿ.

ಮೊದಲು ಡಬ್ಬಿಯ ಸಮಾಚಾರ. ಒಂದು ತೊಟ್ಟು ಎಣ್ಣೆಯೂ ಸೋರಿಲ್ಲ. ಅಷ್ಟು ಬಿಗಿಯಾಗಿ ಬಟ್ಟೆ ಹೊಲಿದು ಕಳಿಸಿದ್ದಿರಿ, ಬಿಚ್ಚುವುದಕ್ಕೆ ಇಲ್ಲಿನ ಸುಂಕದ ಕಟ್ಟೆಯವನ ಕತ್ತರಿಗೆ ಸಾಕುಸಾಕಾಯಿತು. ಒಳಗೆ ಏನಿದೆ ನೋಡೋಣವೆಂದು ನನ್ನ ಎದುರೇ ಮುಚ್ಚಳ ತೆಗೆದು ಮೂಗು ಹಾಕಿದ. ಸೀನಿ ಸೀನಿ ಕಣ್ಣಲ್ಲಿ ನೀರು ತುಂಬಿಕೊಂಡು, “ಇದನ್ನ ತಿಂತೀರಾ, ಇಲ್ಲ ಪಾತ್ರೆ ತಿಕ್ಕೋಕಾ?” ಎಂದು ಕೇಳಿದ. ತಿನ್ನುವುದಕ್ಕೇ ಎಂದೆ. ಪಾಪ, ನನ್ನನ್ನು ಮೇಲಿಂದ ಕೆಳಗೆ ನೋಡಿ ಬಿಟ್ಟುಕಳಿಸಿದ.

‘ಅತ್ತೆ ಅಲ್ಲಿ ಏನು ಕೆಲಸ ಮಾಡ್ತಾಳೆ’ ಎಂದು ಪುಟ್ಟಿ ಕೇಳುತ್ತಿರುತ್ತಾಳೆ ಎಂದು ಬರೆದಿದ್ದಿರಿ. ಅವಳಿಗೆ ಹೀಗೆ ಹೇಳಿ. ನಮ್ಮ ಕಂಪನಿ ಬಾಟಲಿಯಲ್ಲಿ ತುಂಬಬಹುದಾದದ್ದನ್ನೆಲ್ಲ ಮಾಡುತ್ತದೆ: ಸಾಸು, ಹಣ್ಣಿನ ರಸ, ಉಪ್ಪಿನಕಾಯಿ. ಹಡಗಿನಲ್ಲಿ ದೇಶದೇಶಕ್ಕೆ ಹೋಗುತ್ತದೆ. ಹೋಗುವ ಮುಂಚೆ ನಾವು ಕೆಲವರು ರುಚಿ ನೋಡಬೇಕು. ಸಾಲಾಗಿ ಪುಟ್ಟ ಪುಟ್ಟ ಗೂಡುಗಳಿವೆ, ಒಬ್ಬೊಬ್ಬರಿಗೆ ಒಂದೊಂದು. ಎದುರಿನ ಗೋಡೆಯಲ್ಲೊಂದು ಕಿಂಡಿ. ಬಣ್ಣ ನೋಡಿ ನಾಲಗೆ ಮೋಸ ಹೋಗಬಾರದೆಂದು ಒಳಗೆ ಕೆಂಪು ದೀಪ ಹಾಕಿರುತ್ತಾರೆ. ಕಿಂಡಿಯಿಂದ ಬಟ್ಟಲು ಬರುತ್ತದೆ, ಮೇಲೆ ಹೆಸರಿಲ್ಲ, ಬರೀ ನಂಬರು. ಬಾಯಲ್ಲಿ ಹಾಕಿ, ಆಡಿಸಿ, ಉಗುಳಿ, ಬಾಯಿ ಮುಕ್ಕಳಿಸಿ, ಗೊತ್ತಾದದ್ದನ್ನು ಬರೆಯಬೇಕು. ಉಪ್ಪು ಎಷ್ಟು, ಹುಳಿ ಮೊದಲು ಬಂತೋ ಆಮೇಲೋ, ಕೊನೆಗೆ ಕಹಿ ಉಳಿಯಿತೋ. ನುಂಗುವಂತಿಲ್ಲ.

‘ಚೆನ್ನಾಗಿದೆ’ ಎಂದು ಬರೆಯುವಂತೆಯೂ ಇಲ್ಲ. ನಾನು ಬಾಟಲಿ ತುಂಬುವ ಸಾಲಿನಿಂದ ಈ ಕೋಣೆಗೆ ಬಂದ ಹೊಸತರಲ್ಲಿ ಎಲ್ಲದಕ್ಕೂ ಚೆನ್ನಾಗಿದೆ ಎಂದು ಬರೆದಿಡುತ್ತಿದ್ದೆ. ಮೇಲ್ವಿಚಾರಕಿ ಹಾಳೆ ತಂದು ಮುಂದೆ ಇಟ್ಟಳು. “ನಿಮಗೆ ಇಷ್ಟ ಆಯ್ತಾ ಇಲ್ವಾ ಅಂತ ಇಲ್ಲಿ ಯಾರೂ ಕೇಳ್ತಿಲ್ಲ. ನಾಲಗೆ ಏನು ಹೇಳ್ತು? ಅಷ್ಟು ಬರೀರಿ.”

ರಜೆಗೆ ಬಂದಾಗ ಇದನ್ನು ಅಮ್ಮನಿಗೆ ಹೇಳಿದ್ದೆ, ನಿಮಗೆ ನೆನಪಿರಬಹುದು. “ಉಗುಳೋದಕ್ಕೂ ಸಂಬಳ ಕೊಡ್ತಾರೇನೇ?” ಎಂದು ಬಾಯಿಮೇಲೆ ಕೈಯಿಟ್ಟುಕೊಂಡಳು. “ಹಾಗಾದ್ರೆ ನಿನ್ನ ಅಣ್ಣ ಚಿಕ್ಕವನಿದ್ದಾಗ ನನ್ನ ಸೊಪ್ಪಿನ ಪಲ್ಯ ಉಗುಳಿದ್ದಕ್ಕೇ ಸಾಹುಕಾರ ಆಗಿರಬೇಕಿತ್ತು!” ಅಣ್ಣ ಎದ್ದು ಹೋದ. ನೀವು ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಿರಿ. ಅತ್ತೆಯ ಮುಂದೆ ನೀವು ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ.

ನೋಡಿ, ಬರೆಯಬೇಕಾದ್ದನ್ನು ಬಿಟ್ಟು ಊರೆಲ್ಲ ಸುತ್ತುತ್ತಿದ್ದೇನೆ.

ಅತ್ತಿಗೆ, ಈ ಉಪ್ಪಿನಕಾಯಿ ಅಮ್ಮ ಹಾಕಿದ್ದಲ್ಲ.

‘ಎಂದಿನಂತೆ ನನ್ನ ಕೈಯಾರೆ ಹಾಕಿ ಕಳಿಸಿದ್ದೇನೆ’ ಎಂದು ಅಮ್ಮ ಹೇಳಿ ಬರೆಸಿದ ಹಾಗೆ ಕಾಗದ ಇತ್ತು. ಅಕ್ಷರ ನಿಮ್ಮದು, ಅದು ಯಾವತ್ತೂ ನಿಮ್ಮದೇ. ಉಪ್ಪಿನಕಾಯಿಯೂ ನಿಮ್ಮದೇ. ಗಾಬರಿಯಾಗಬೇಡಿ, ತಪ್ಪು ಹುಡುಕುತ್ತಿಲ್ಲ. ಆ ಕೆಂಪು ದೀಪದ ಗೂಡಿನಲ್ಲಿ ನಿಮ್ಮದನ್ನೂ ಅಮ್ಮನದನ್ನೂ ಇಟ್ಟರೆ ನಿಮ್ಮದೇ ಮೇಲು. ನೀವು ಮೆಂತ್ಯವನ್ನು ಸಣ್ಣ ಉರಿಯಲ್ಲಿ ಸಮನಾಗಿ ಹುರಿದಿದ್ದೀರಿ. ಉಪ್ಪು ಹದವಾಗಿದೆ. ಅಮ್ಮನಿಗೆ ಎಲ್ಲದಕ್ಕೂ ಅವಸರ. ಅವಳ ಮೆಂತ್ಯ ಒಂದು ಕಡೆ ಕರಿಕು, ಒಂದು ಕಡೆ ಹಸಿ. ಉಪ್ಪು ಜಾಸ್ತಿಯಾಯಿತೆಂದರೆ, “ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ. ಎರಡೂ ಸ್ವಲ್ಪ ಜಾಸ್ತಿ ಆದ್ರೆ ಯಾರೂ ಸಾಯಲ್ಲ, ತಿನ್ನು” ಎನ್ನುತ್ತಿದ್ದಳು. ನಿಂಬೆಹಣ್ಣನ್ನು ಬೀಜ ಸಮೇತ ಚಕಚಕ ಕತ್ತರಿಸಿ ಎಸೆಯುವಳು. “ಬೀಜ ಆರಿಸ್ತಾ ಕೂತ್ರೆ ಮನೆ ಕೆಲಸ ಯಾರು, ನಿಮ್ಮಪ್ಪ ಮಾಡ್ತಾರಾ?” ಚಾಕುವಿಗೆ ಸಿಕ್ಕಿ ಅರ್ಧವಾದ ಬೀಜದ ಕಹಿಯೆಲ್ಲ ರಸಕ್ಕೆ ಇಳಿಯುತ್ತಿತ್ತು. ಆ ಕಹಿಯನ್ನು ಬೈದುಕೊಂಡೇ ಅಣ್ಣನೂ ನಾನೂ ತಟ್ಟೆ ನೆಕ್ಕಿ ದೊಡ್ಡವರಾದೆವು.

ಹೋದ ವರ್ಷದ ಡಬ್ಬಿಯಲ್ಲಿ ಒಂದು ಬೀಜವೂ ಇರಲಿಲ್ಲ. “ಏನಮ್ಮ, ಈ ಸಲ ಬೀಜ ತೆಗೆದಿದ್ದೀಯಲ್ಲ, ಈ ವಯಸ್ಸಿಗೆ ಪುರಸೊತ್ತು ಸಿಕ್ಕಿತೇ?” ಎಂದು ತಮಾಷೆಯಾಗಿ ಬರೆದಿದ್ದೆ. ಈ ವರ್ಷದ ಡಬ್ಬಿಯಲ್ಲಿ ಬೀಜಗಳಿವೆ. ಆದರೆ ಇಡಿ ಬೀಜಗಳು, ಒಂದಕ್ಕೂ ಚಾಕು ತಗುಲಿಲ್ಲ. ಹಣ್ಣನ್ನು ಜೋಪಾನವಾಗಿ ಕತ್ತರಿಸಿ, ಬೀಜ ತೆಗೆದು, ಆಮೇಲೆ ಅದೇ ಬೀಜವನ್ನು ಮೇಲಿನಿಂದ ಹಾಕಿದ್ದೀರಿ. ಅವು ರಸದಲ್ಲಿ ಸುಮ್ಮನೆ ತೇಲುತ್ತಿವೆ, ಕಹಿ ಬಿಟ್ಟಿಲ್ಲ. ಒಂದೊಂದೇ ಬೀಜ ಹಾಕುವಾಗ ನಿಮ್ಮ ಮುಖ ಹೇಗಿತ್ತು ಎಂದು ಯೋಚಿಸುತ್ತೇನೆ. ಆಗೆಲ್ಲ ನಿಮ್ಮ ಮೇಲೆ ಉಕ್ಕುವ ಪ್ರೀತಿಯನ್ನು ಏನೆಂದು ಬರೆಯಲಿ, ನನಗೆ ಗೊತ್ತಾಗುತ್ತಿಲ್ಲ.

ಇಷ್ಟಾದರೂ ನನ್ನ ನಾಲಗೆಯನ್ನು ನಾನು ನಂಬಲಿಲ್ಲ. ನನ್ನ ಪಕ್ಕದ ಗೂಡಿನಲ್ಲಿ ಒಬ್ಬ ಹೆಂಗಸು ಕೂರುತ್ತಾಳೆ. ಕಹಿ ಎಲ್ಲೇ ಅಡಗಿದ್ದರೂ ಹಿಡಿದು ಎಳೆದು ತರುತ್ತಾಳೆ, ಆದ್ದರಿಂದ ನಾನು ಅವಳನ್ನು ಕಹಿಯಕ್ಕ ಎನ್ನುತ್ತೇನೆ. ನಮ್ಮಲ್ಲಿ ಮೂರು ಬಟ್ಟಲಿನ ಪರೀಕ್ಷೆ ಎಂದಿದೆ. ಎರಡರಲ್ಲಿ ಒಂದೇ ಮಾಲು, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದೆಂದು ಹೇಳಬೇಕು. ನಾನು ರಜೆಗೆ ಬಂದಾಗ ಅಮ್ಮ ಕಟ್ಟಿಕೊಟ್ಟ ಹಳೆಯ ಬಾಟಲಿಯ ತಳದಲ್ಲಿ ಎರಡು ಚಮಚದಷ್ಟು ಉಳಿಸಿಕೊಂಡಿದ್ದೆ. ಅದನ್ನೂ ನಿಮ್ಮದನ್ನೂ ಕಹಿಯಕ್ಕನ ಕೈಗೆ ಕೊಟ್ಟು, ಊಟದ ಬಿಡುವಿನಲ್ಲಿ ಬಟ್ಟಲು ಇಡು ಎಂದೆ.

ಅತ್ತಿಗೆ, ಶಾಲೆಯಲ್ಲಿದ್ದಾಗ ಪಾಸಾಗಲಿ ಎಂದು ಎಷ್ಟು ಹರಕೆ ಹೊತ್ತಿದ್ದೇನೋ ದೇವರಿಗೇ ಗೊತ್ತು. ಫೇಲಾಗಲಿ ಎಂದು ಕೈಮುಗಿದದ್ದು ಇದೇ ಮೊದಲು. ಕಿಂಡಿಯಿಂದ ಬಟ್ಟಲು ಬಂದವು. ಬೇರೆಯದು ಯಾವುದೆಂದು ಹೇಳಿದೆ. ಸರಿಯಾಗಿತ್ತು. ಬಟ್ಟಲುಗಳ ಸ್ಥಳ ಬದಲಾಯಿಸು ಎಂದೆ. ಬದಲಾಯಿಸಿದಳು. ಮತ್ತೆ ಸರಿ. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ, ಅದಕ್ಕೆ ಗೊತ್ತಾಗುತ್ತಿದೆ ಎಂದು ನನ್ನೊಂದಿಗೆ ನಾನೇ ವಾದಕ್ಕಿಳಿದೆ. ಹಳತಾದದ್ದರ ರುಚಿ ಬೇರೆ, ಬೇರೆ ಕೈಯ ರುಚಿ ಬೇರೆ. ಅದು ಗೊತ್ತಿರುವುದಕ್ಕೇ ಇವರು ನನಗೆ ಅನ್ನ ಹಾಕುತ್ತಿರುವುದು. ಕೊನೆಯ ಬಟ್ಟಲಲ್ಲಿದ್ದ ಅಮ್ಮನ ಉಪ್ಪಿನಕಾಯಿಯನ್ನು ಉಗುಳಲಿಲ್ಲ, ನುಂಗಿದೆ. ಕಹಿಯಕ್ಕ ಕಿಂಡಿಯಲ್ಲಿ ಬಗ್ಗಿ ನೋಡಿದಳು.

“ಯಾಕೆ ಅಳ್ತಿದ್ದೀಯ? ಎಲ್ಲಾ ಸರಿಯಾಗೇ ಹೇಳಿದ್ಯಲ್ಲ.”

“ಅದಕ್ಕೇ” ಎಂದೆ.

ಬಟ್ಟಲು ತೊಳೆಯುವುದು ನಮ್ಮ ಕೆಲಸವಲ್ಲ, ಆದರೂ ಅವಳೇ ತೆಗೆದುಕೊಂಡು ಹೋಗಿ ತೊಳೆದಿಟ್ಟಳು.

ಇನ್ನೊಂದು ಮಾತು. ಈಚಿನ ಕಾಗದಗಳಲ್ಲಿ ಅಮ್ಮ ನನ್ನನ್ನು ಒಂದು ಸಲವೂ ಬೈದಿಲ್ಲ. ಮೊದಲೆಲ್ಲ ಆಶೀರ್ವಾದ ಒಂದು ಸಾಲು, ಬೈಗುಳ ಒಂದು ಪುಟ. ‘ಬಾಣಲಿಯಲ್ಲಿ ನೆತ್ತಿಗೆ ಹಚ್ಚುವಷ್ಟು ಎಣ್ಣೆಯೂ ಹಾಕಲ್ವಂತೆ, ಚಳಿಯಲ್ಲಿ ತಲೆಗೆ ನೀರು ಹಾಕ್ಕೋತೀಯಂತೆ, ಯಾರಿಗೆ ಹೇಳಿದ್ದು ನಾನು, ಗೋಡೆಗಾ?’ ನೀವು ಅಕ್ಷರ ಬಿಡದೆ ಬರೆಯುತ್ತಿದ್ದಿರಿ. ಈಗ ಬರುವ ಕಾಗದದಲ್ಲಿ ‘ಮೈಮೇಲೆ ಗಮನವಿರಲಿ ಮಗಳೇ’ ಎಂದಿರುತ್ತದೆ. ಅಮ್ಮ ನನ್ನನ್ನು ಮಗಳೇ ಎಂದು ಯಾವ ಕಾಲಕ್ಕೆ ಕರೆದಿದ್ದಳು? ನಿಮಗೆ ಬೈಯಲು ಬರುವುದಿಲ್ಲ ಅತ್ತಿಗೆ. ಅದೊಂದು ವಿದ್ಯೆಯನ್ನು ಅಮ್ಮ ನಿಮಗೆ ಕಲಿಸಲಿಲ್ಲ.

ಫೋನು ಮಾಡಿ ಕೇಳಬಹುದಿತ್ತು. ಅಮ್ಮ ಮೊದಲಿನಿಂದಲೂ ಫೋನಿಗೆ ಬರುವವಳಲ್ಲ, ಮುಖ ಇಲ್ಲದ ಡಬ್ಬಿಯ ಹತ್ತಿರ ಏನು ಮಾತು ಎನ್ನುವಳು. ಹಾಗಾಗಿ ಅಣ್ಣ ಹೆಚ್ಚು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. “ಇದ್ದಾಳೆ, ಮಲಗಿದ್ದಾಳೆ” ಎನ್ನುತ್ತಾನೆ, ಆಮೇಲೆ ಕೆಮ್ಮುತ್ತಾನೆ. ಅವನನ್ನು ಕೇಳಿ ಕಷ್ಟಕ್ಕೆ ಸಿಕ್ಕಿಸಲು ಮನಸ್ಸು ಬರಲಿಲ್ಲ.

ನನ್ನ ರಜೆ ಮಂಜೂರಾಗಿದೆ. ಎಷ್ಟು ವರ್ಷದಿಂದ ಕೇಳುತ್ತಿದ್ದೆ, ನಡುವೆ ಬಿಟ್ಟು ಹೋದರೆ ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನುತ್ತಿದ್ದರು. ಈಗ ತಾವಾಗಿಯೇ ಕರೆದು ಎರಡು ತಿಂಗಳು ಹೋಗಿ ಬಾ ಎಂದಿದ್ದಾರೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಮೇಲ್ವಿಚಾರಕಿ, “ಮನೆಯವರಿಗೆ ಎಷ್ಟು ಖುಷಿಯಾಗತ್ತೋ!” ಎಂದಳು. ನಾನು ಹೂಂಗುಟ್ಟಿ ಬಂದು, ಕೋಣೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯ ಮೇಲೆ ಕುಳಿತೆ.

ಆದ್ದರಿಂದ ಬರುವ ಮುಂಚೆ ನೀವು ನನಗೆ ಹೇಳಿಬಿಡಿ. ಅಮ್ಮನ ಕೈ ಸೋತಿದೆಯೇ? ಹಾಸಿಗೆ ಹಿಡಿದಿದ್ದಾಳೆಯೇ? ಕಣ್ಣು ಕಾಣುವುದಿಲ್ಲವೇ? ಯಾವುದಿದ್ದರೂ ಬರೆಯಿರಿ. ಅವಳು ನಿಮ್ಮ ಕೈಲಿ ಆಣೆ ಹಾಕಿಸಿರುತ್ತಾಳೆ, ಅವಳ ಬುದ್ಧಿ ನನಗೆ ಗೊತ್ತು. ಗೊತ್ತಾದರೆ ಮಗಳು ಕೆಲಸ ಬಿಟ್ಟು ಓಡಿ ಬರುತ್ತಾಳೆ ಎಂದು. ಓಡಿ ಬರುತ್ತಿದ್ದೆ, ನಿಜ. ಆಣೆ ಮುರಿದ ಪಾಪ ನನ್ನ ತಲೆಯ ಮೇಲಿರಲಿ.

ಪುಟ್ಟಿ ನಿಮ್ಮಂತೆ ತಾಳ್ಮೆಯವಳಾಗಲಿ, ನಮ್ಮಮ್ಮನಂತೆ ಬಾಯಿ ಜೋರಿನವಳಾಗಲಿ. ಅಣ್ಣನಿಗೆ ಆಯುಷ್ಯ, ಆರೋಗ್ಯ. ನಿಮ್ಮ ಕೈಗೆ ಎಂದೂ ಸೋಲು ಬರದಿರಲಿ. ವಯಸ್ಸಿನಲ್ಲಿ ಚಿಕ್ಕವಳು, ಹರಸುವ ಹಕ್ಕಿಲ್ಲ. ಆದರೂ ಹರಸಿದ್ದೇನೆ, ಇಟ್ಟುಕೊಳ್ಳಿ.

ಇಂತಿ,
ನಿಮ್ಮ ನಾದಿನಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿರುವುದು ಅದಕ್ಕೇ. ಕೈ ಸೋತಿದೆಯೇ, ಹಾಸಿಗೆ ಹಿಡಿದಿದ್ದಾಳೆಯೇ ಎಂದು ಮೇಲೆ ಕೇಳಿದೆನಲ್ಲ, ಅದಕ್ಕೆ ಉತ್ತರ ಬರೆಯುವ ಕಷ್ಟ ನಿಮಗೆ ಬೇಡ. ಅಮ್ಮ ಇಲ್ಲ. ನನಗೆ ಗೊತ್ತು. ಗೊತ್ತಾದದ್ದು ಈ ಡಬ್ಬಿಯಿಂದಲ್ಲ, ಹೋದ ವರ್ಷದ ಡಬ್ಬಿಯಿಂದಲೇ. ಕೈಕಾಲು ಬಿದ್ದುಹೋಗಿದ್ದರೂ ಅಮ್ಮನ ಬಾಯಿ ಬೀಳುತ್ತಿರಲಿಲ್ಲ. ನೀವು ಮೊದಲನೆಯ ಬೀಜ ತೆಗೆಯುವಾಗಲೇ ಮಲಗಿದ್ದಲ್ಲಿಂದ ಕೂಗಿ ನಿಲ್ಲಿಸುತ್ತಿದ್ದಳು. ಅವಳು ಉಸಿರಾಡುತ್ತಿರುವ ಮನೆಯಲ್ಲಿ ಬೀಜ ತೆಗೆದ ಉಪ್ಪಿನಕಾಯಿ ಆಗುವುದು ಸಾಧ್ಯವೇ ಇರಲಿಲ್ಲ. ಪುರಸೊತ್ತು ಸಿಕ್ಕಿತೇ ಎಂದು ಕೇಳಿದ್ದು ತಮಾಷೆಗಲ್ಲ, ನಿಜವಾಗಿ ಕೇಳಿದ್ದು. ಉತ್ತರ ಬಂದುಬಿಟ್ಟರೆ ಏನು ಗತಿ ಎಂದು ಹೆದರಿ ತಮಾಷೆಯಂತೆ ಬರೆದೆ. ನೀವೂ ಹೆದರಿ ಬೀಜ ಹಾಕಿ ಕಳಿಸಿದಿರಿ. ನಾನು ಕೇಳದೆ, ನೀವು ಹೇಳದೆ ಇರುವವರೆಗೆ ಅಮ್ಮ ಇರುತ್ತಾಳೆ ಎಂದುಕೊಂಡೆ. ಮೊಣಕಾಲು ನೋವು ಹೇಗಿದೆ ಎಂದು ಅವಳನ್ನು ವಿಚಾರಿಸಿದೆ, ಶಾಲು ಕಳಿಸಿದೆ, ಹೊದ್ದುಕೊಳ್ಳದಿದ್ದರೆ ಜಗಳ ಆಡುತ್ತೇನೆ ಎಂದೂ ಬರೆದೆ. ಗೊತ್ತಿದ್ದೇ ಬರೆದೆ.

ಯಾವ ದಿನ ಹೋದಳು, ಅದನ್ನು ಮಾತ್ರ ತಿಳಿಸಿ. ಅವತ್ತು ನಾನಿಲ್ಲಿ ಏನು ತಿಂದೆ, ಯಾರ ಜೊತೆ ನಕ್ಕೆ ಎಂದು ನೆನಪು ಮಾಡಿಕೊಳ್ಳಬೇಕು.

ಅಮ್ಮನಿಗೆ ಓದಲು ಬರುತ್ತಿರಲಿಲ್ಲ, ಬಂದ ಕಾಗದವನ್ನೆಲ್ಲ ನೀವೇ ಪಕ್ಕದಲ್ಲಿ ಕೂತು ಓದಿ ಹೇಳಬೇಕಿತ್ತು. ಈ ಒಂದು ವರ್ಷ ನಾನು ಅವಳಿಗೆ ಬರೆದದ್ದನ್ನೆಲ್ಲ ಯಾರಿಗೆ ಓದಿ ಹೇಳಿದಿರಿ, ಅತ್ತಿಗೆ?